ಉಪ್ಪಿನ ಬೆಟ್ಟದಿಂದ ಗಾಜಿನ ಮನೆಗೆ: ಚಿರತೆ ಹಲ್ಲಿ ನಡೆದುಬಂದ ದಾರಿ

ಮೊಟ್ಟೆಯೊಡೆದು ಆಗಷ್ಟೇ ಹೊರಬಂದ ಚಿರತೆ ಹಲ್ಲಿಯ ಮರಿಯ ತೂಕ ಸುಮಾರು 3 ಗ್ರಾಂ. ಐದು ರೂಪಾಯಿ ನಾಣ್ಯದ ಅರ್ಧದಷ್ಟು. ಮೂತಿಯಿಂದ ಬಾಲದ ತುದಿಯವರೆಗೆ ಅಳೆದರೆ ಏಳೆಂಟು ಸೆಂಟಿಮೀಟರ್. ಹೆಸರಿನಲ್ಲಿ ಚಿರತೆ ಇದ್ದರೂ ಮರಿಯ ಮೈಮೇಲೆ ಚಿರತೆಯ ಚುಕ್ಕೆಗಳಿರುವುದಿಲ್ಲ. ಹಳದಿ ಮೈಗೆ ಅಡ್ಡಲಾಗಿ ಕಪ್ಪು ಪಟ್ಟೆಗಳು ಮಾತ್ರ. ಬೆಳೆದಂತೆಲ್ಲ ಪಟ್ಟೆಗಳು ಒಡೆದು ಚುಕ್ಕೆಗಳಾಗುತ್ತವೆ. ಹೊಸ ಮನೆಗೆ ಬಂದ ದಿನ ಈ ಮರಿ ಮೂಲೆ ಹಿಡಿದು ಕೂರುತ್ತದೆ. ಕೈ ಚಾಚಿದರೆ ಬಾಲ ಎತ್ತಿ ಅಲ್ಲಾಡಿಸುತ್ತದೆ. ಇನ್ನೂ ಹೆದರಿದರೆ ಬಾಯಿ ತೆರೆದು ಚೀರುವುದೂ ಉಂಟು.

ಅಮೆರಿಕ ಮತ್ತು ಯೂರೋಪಿನಲ್ಲಿ ಸರೀಸೃಪ ಸಾಕಲು ಹೊರಟ ಹೊಸಬರಿಗೆ ಮೊದಲು ತೋರಿಸುವ ಪ್ರಾಣಿಗಳಲ್ಲಿ ಇದೂ ಒಂದು. 'ಇದನ್ನು ಸಾಕುವುದು ಸುಲಭ' ಎಂಬ ಮಾತು ಅಲ್ಲಿನ ಕೈಪಿಡಿಗಳಲ್ಲಿ ತಪ್ಪದೆ ಬರುತ್ತದೆ. ಆದರೆ ಈ ಸುಲಭ ಎಂಬುದು ಹಲ್ಲಿಯ ಜೊತೆಗೆ ಹುಟ್ಟಿ ಬಂದದ್ದಲ್ಲ. ಹೊಟ್ಟೆಯಡಿ ಬಿಸಿ ಇರಲಿ, ತೇವದ ಗೂಡು ಇರಲಿ, ಹುಳಕ್ಕೆ ಕ್ಯಾಲ್ಸಿಯಂ ಪುಡಿ ಹಚ್ಚಿ, ಬಾಲ ಹಿಡಿಯಬೇಡಿ ಎಂದು ಇಂದು ಹೇಳುವ ಒಂದೊಂದು ಸೂಚನೆಯ ಹಿಂದೆಯೂ ಒಂದು ಕಥೆಯಿದೆ. ಆ ಕಥೆಗಳಲ್ಲಿ ಕೆಲವು ವಿಜ್ಞಾನಿಗಳ ಪ್ರಯೋಗಾಲಯದಲ್ಲಿ ನಡೆದವು. ಹಲವು, ಪಾಲಕನ ಅಜ್ಞಾನಕ್ಕೆ ಬಲಿಯಾದ ಪ್ರಾಣಿಗಳಿಂದ ಕಲಿತವು.

ಕಲ್ಕತ್ತಾದಲ್ಲಿ ನಾಮಕರಣ

ಈ ಹಲ್ಲಿ ವಿಜ್ಞಾನದ ದಾಖಲೆಗೆ ಸೇರಿದ್ದು ಭಾರತದ ನೆಲದಲ್ಲೇ. ಕಲ್ಕತ್ತಾದ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯಕ್ಕೆ 1841ರಲ್ಲಿ ಎಡ್ವರ್ಡ್ ಬ್ಲೈತ್ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ಪಾಲಕರಾಗಿ ಬಂದರು. ಚಾರ್ಲ್ಸ್ ಡಾರ್ವಿನ್ನರಿಗೆ ಭಾರತದ ಪ್ರಾಣಿಗಳ ಬಗ್ಗೆ ಉದ್ದುದ್ದ ಪತ್ರ ಬರೆದು ಮಾಹಿತಿ ಒದಗಿಸಿದವರು ಇವರೇ. ದೇಶದ ಮೂಲೆಮೂಲೆಗಳಿಂದ ಬಂದು ಬೀಳುತ್ತಿದ್ದ ಹಕ್ಕಿ, ಹಾವು, ಹಲ್ಲಿಗಳನ್ನು ಗುರುತಿಸಿ ಹೆಸರಿಡುವುದು ಅವರ ಕೆಲಸವಾಗಿತ್ತು. 1854ರಲ್ಲಿ ಪಂಜಾಬಿನ ಉಪ್ಪಿನ ಬೆಟ್ಟಸಾಲಿನಿಂದ ಬಂದ ಹಲ್ಲಿಯೊಂದಕ್ಕೆ ಅವರು 'ಮ್ಯಾಕ್ಯುಲೇರಿಯಸ್' ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ 'ಮ್ಯಾಕುಲ' ಎಂದರೆ ಚುಕ್ಕೆ.

ಈಗ ಅದರ ಪೂರ್ಣ ಹೆಸರು ಯೂಬ್ಲೆಫಾರಿಸ್ ಮ್ಯಾಕ್ಯುಲೇರಿಯಸ್. ಮೊದಲ ಭಾಗ, ಅಂದರೆ ಕುಲದ ಹೆಸರು, 1827ರಲ್ಲಿ ಜಾನ್ ಎಡ್ವರ್ಡ್ ಗ್ರೇ ಪೂರ್ವ ಭಾರತದ ಇನ್ನೊಂದು ಹಲ್ಲಿಗಾಗಿ ಇಟ್ಟದ್ದು. 'ಒಳ್ಳೆಯ ಕಣ್ಣುರೆಪ್ಪೆಯುಳ್ಳದ್ದು' ಎಂದು ಅದರ ಅರ್ಥ. ಹೆಸರು ಅನ್ವರ್ಥವೇ ಸರಿ. ನಮ್ಮ ಮನೆಗೋಡೆಯ ಹಲ್ಲಿಗೆ ರೆಪ್ಪೆಯಿಲ್ಲ. ಅದು ನಾಲಗೆಯಿಂದ ಕಣ್ಣು ಒರೆಸಿಕೊಳ್ಳುತ್ತದೆ. ಚಿರತೆ ಹಲ್ಲಿ ಮಾತ್ರ ನಮ್ಮಂತೆಯೇ ಕಣ್ಣು ಮಿಟುಕಿಸುತ್ತದೆ, ಮುಚ್ಚಿಕೊಂಡು ನಿದ್ರಿಸುತ್ತದೆ. ಇನ್ನೊಂದು ವ್ಯತ್ಯಾಸವೂ ಇದೆ. ಮನೆಹಲ್ಲಿಯ ಬೆರಳುಗಳಲ್ಲಿ ಗೋಡೆಗೆ ಅಂಟುವ ಪದರಗಳಿವೆ. ಇದಕ್ಕಿರುವುದು ಸಣ್ಣ ಉಗುರುಗಳು ಮಾತ್ರ. ನುಣುಪಾದ ಗಾಜನ್ನು ಇದು ಏರಲಾರದು. ಮುಂದೆ ಗಾಜಿನ ಪೆಟ್ಟಿಗೆಗೆ ಇದು ಹೇಳಿ ಮಾಡಿಸಿದ ಪ್ರಾಣಿ ಎನಿಸಿಕೊಳ್ಳಲು ಈ ಕೊರತೆಯೂ ಒಂದು ಕಾರಣವಾಯಿತು.

ಉಪ್ಪಿನ ಬೆಟ್ಟಸಾಲು ಇಂದು ಪಾಕಿಸ್ತಾನದಲ್ಲಿದೆ. ಪ್ರಸಿದ್ಧ ಖೇವ್ರಾ ಉಪ್ಪಿನ ಗಣಿ ಇರುವುದು ಅಲ್ಲೇ. ಕಲ್ಲುಬಂಡೆ, ಒಣ ಕುರುಚಲು, ಗಟ್ಟಿ ಮಣ್ಣಿನ ನೆಲ. ಬೇಸಿಗೆಯ ಹಗಲು 40 ಡಿಗ್ರಿ ಸೆಲ್ಷಿಯಸ್ ದಾಟುತ್ತದೆ. ಚಳಿಗಾಲದ ರಾತ್ರಿ ಮೈ ಕೊರೆಯುತ್ತದೆ. ಇಂಥ ನಾಡಿನಲ್ಲಿ ಹಲ್ಲಿ ಹಗಲೆಲ್ಲ ಕಲ್ಲಿನ ಸಂದಿನಲ್ಲೋ ಬಿಲದಲ್ಲೋ ಅಡಗಿರುತ್ತದೆ. ಹೊರಗೆ ಎಷ್ಟೇ ಒಣಗಿದ್ದರೂ ಬಿಲದ ಒಳಗೆ ಸ್ವಲ್ಪ ತೇವ ಉಳಿದಿರುತ್ತದೆ. ಮುಸ್ಸಂಜೆಗೆ ಹೊರಬಂದಾಗ ಹಗಲಿನ ಬಿಸಿಲುಂಡ ಬಂಡೆ ಇನ್ನೂ ಬೆಚ್ಚಗಿರುತ್ತದೆ. ಅದರ ಮೇಲೆ ಹೊಟ್ಟೆಯೂರಿ ಮೈ ಕಾಯಿಸಿಕೊಂಡು ಬೇಟೆಗೆ ಹೊರಡುತ್ತದೆ. ಚಳಿಗಾಲ ಬಂದರೆ ಬಾಲದಲ್ಲಿ ಕೂಡಿಟ್ಟ ಕೊಬ್ಬನ್ನು ನೆಚ್ಚಿ ಜಡವಾಗಿ ಬಿದ್ದಿರುತ್ತದೆ. ಬೆಚ್ಚನೆಯ ಬಂಡೆ, ತೇವದ ಬಿಲ, ಕೊಬ್ಬಿನ ಬಾಲ - ಈ ಮೂರನ್ನು ನೆನಪಿಟ್ಟರೆ ಮರಿಯ ಆರೈಕೆಯ ಅರ್ಧ ಪಾಠ ಮುಗಿದಂತೆ. ಆದರೆ ಬ್ಲೈತ್ ಕಾಲದಲ್ಲಿ ಬೇಕಾಗಿದ್ದದ್ದು ಸಂಗ್ರಹಾಲಯದ ಕಪಾಟಿಗೆ ಸತ್ತ ಹಲ್ಲಿ. ಜೀವಂತ ಹಲ್ಲಿಯ ಬೇಕುಬೇಡಗಳನ್ನು ಯಾರೂ ಕೇಳಿರಲಿಲ್ಲ.

ಗಾಜಿನ ಪೆಟ್ಟಿಗೆ ಹುಟ್ಟಿದ್ದು

ಅದೇ ಹೊತ್ತಿಗೆ ಸಾವಿರಾರು ಮೈಲಿ ದೂರದ ಲಂಡನ್ನಿನಲ್ಲಿ ಗಾಜಿನ ಪೆಟ್ಟಿಗೆ ಸಿದ್ಧವಾಗುತ್ತಿತ್ತು. ನಥಾನಿಯಲ್ ವಾರ್ಡ್ ಎಂಬ ವೈದ್ಯರು 1829ರ ಸುಮಾರಿಗೆ ಮುಚ್ಚಿದ ಗಾಜಿನ ಪಾತ್ರೆಯೊಳಗೆ ಗಿಡಗಳು ತಾವಾಗಿ ಬೆಳೆಯುವುದನ್ನು ಕಂಡರು. 'ವಾರ್ಡಿಯನ್ ಪೆಟ್ಟಿಗೆ' ಎಂದೇ ಹೆಸರಾದ ಅದು ಇಂದಿನ ಟೆರೇರಿಯಂನ ಪೂರ್ವಜ. 1849ರಲ್ಲಿ ಲಂಡನ್ ಮೃಗಾಲಯ ಜಗತ್ತಿನ ಮೊದಲ ಸರೀಸೃಪ ಗೃಹವನ್ನು ತೆರೆಯಿತು. 1884ರಲ್ಲಿ ಜರ್ಮನ್ ಭಾಷೆಯಲ್ಲಿ ಯೋಹಾನ್ ಫಾನ್ ಫಿಷರ್ ಅವರ 'ಡಾಸ್ ಟೆರೇರಿಯಂ' ಎಂಬ ಗ್ರಂಥ ಹೊರಬಂತು. ಸರೀಸೃಪ ಪಾಲನೆ ಒಂದು ಶಾಸ್ತ್ರವಾಗಿ ರೂಪುಗೊಳ್ಳತೊಡಗಿತ್ತು.

ಈ ಶಾಸ್ತ್ರಕ್ಕೆ ಹೊಸ ತಿರುವು ಕೊಟ್ಟವರು ಜೋನ್ ಪ್ರಾಕ್ಟರ್ ಎಂಬ ಮಹಿಳೆ. 1897ರಲ್ಲಿ ಹುಟ್ಟಿದ ಅವರು ಬಾಲ್ಯದಿಂದ ಕಾಯಿಲೆಯ ದೇಹ ಹೊತ್ತವರು. ಆದರೂ ಲಂಡನ್ ಮೃಗಾಲಯದ ಸರೀಸೃಪ ವಿಭಾಗದ ಮುಖ್ಯಸ್ಥೆಯಾದರು. ಅವರ ಯೋಜನೆಯಂತೆ ಕಟ್ಟಿದ ಹೊಸ ಸರೀಸೃಪ ಗೃಹ 1927ರಲ್ಲಿ ತೆರೆಯಿತು. ಅಲ್ಲಿ ಇಡೀ ಕಟ್ಟಡಕ್ಕೆ ಒಂದೇ ಶಾಖ ಎಂಬ ಕ್ರಮ ಇರಲಿಲ್ಲ. ಬೇಕಾದ ಕಡೆ ಬೇಕಾದಷ್ಟು ವಿದ್ಯುತ್ ಶಾಖ ಒದಗಿಸುವ ಏರ್ಪಾಡಿತ್ತು. ಸಾಮಾನ್ಯ ಗಾಜು ತಡೆಯುವ ಅತಿನೇರಳೆ ಕಿರಣಗಳನ್ನು ಒಳಬಿಡುವ ವಿಶೇಷ ಗಾಜನ್ನೂ ಬಳಸಲಾಗಿತ್ತು. ಪ್ರಾಕ್ಟರ್ 1931ರಲ್ಲಿ, 34ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆದರೆ ಶಾಖವನ್ನು ಹಂಚಿ ಇಡಬೇಕು, ಬೆಳಕಿನ ಗುಣವನ್ನು ನೋಡಬೇಕು ಎಂಬ ಅವರ ಎರಡು ಕಾಳಜಿಗಳು ಇಂದು ಮನೆಯ ಮೇಜಿನ ಮೇಲಿನ ಸಣ್ಣ ಗಾಜಿನ ಪೆಟ್ಟಿಗೆಯಲ್ಲೂ ಜೀವಂತವಾಗಿವೆ.

ಕರಾಚಿಯಿಂದ ಸಿಯಾಟಲ್‌ಗೆ

ಚಿರತೆ ಹಲ್ಲಿಯ ನಾಡಿನ ಬಗ್ಗೆ ಆಧುನಿಕ ಕಾಲದ ಒಳ್ಳೆಯ ವಿವರಣೆ ಬಂದದ್ದು ಅಮೆರಿಕದ ಶೆರ್ಮನ್ ಮಿಂಟನ್ ಅವರಿಂದ. ಕರಾಚಿಯ ವೈದ್ಯಕೀಯ ಸಂಸ್ಥೆಯಲ್ಲಿ ಕೆಲಸ ಮಾಡಿದ ಅವರು ಅಲ್ಲಿನ ಹಾವು, ಹಲ್ಲಿಗಳ ಕುರಿತ ದೊಡ್ಡ ಗ್ರಂಥವನ್ನು 1966ರಲ್ಲಿ ಪ್ರಕಟಿಸಿದರು. ಅದರ ಬೆನ್ನಿಗೆ ಪಾಕಿಸ್ತಾನದಿಂದ ಪಾಶ್ಚಾತ್ಯ ಮಾರುಕಟ್ಟೆಗೆ ಹಲ್ಲಿಗಳ ಸಾಗಣೆಯೂ ಬೆಳೆಯಿತು. ಹೀಗೆ ಬಂದವು ಕಾಡಿನಿಂದ ಹಿಡಿದ ಪ್ರಾಣಿಗಳು. ಹೊಟ್ಟೆಯಲ್ಲಿ ಪರೋಪಜೀವಿ ಹುಳುಗಳು, ದಾರಿಯುದ್ದದ ಬಾಯಾರಿಕೆ, ಮನಸ್ಸಿನಲ್ಲಿ ಭಯ. ಇಂಥ ಹಲ್ಲಿಯನ್ನು ಉಳಿಸಿಕೊಳ್ಳುವುದು ಸುಲಭವಾಗಿರಲಿಲ್ಲ.

ಪರಿಸ್ಥಿತಿ ಬದಲಾದದ್ದು ಅವು ಗಾಜಿನೊಳಗೇ ಮರಿ ಮಾಡತೊಡಗಿದ ಮೇಲೆ. ಸಿಯಾಟಲ್ ನಗರದ ವುಡ್‌ಲ್ಯಾಂಡ್ ಪಾರ್ಕ್ ಮೃಗಾಲಯದಲ್ಲಿ ಚಿರತೆ ಹಲ್ಲಿಗಳ ಸಂತಾನಾಭಿವೃದ್ಧಿಯಾದ ವರದಿ 1974ರಲ್ಲಿ ಪ್ರಕಟವಾಯಿತು. ಹೆಣ್ಣು ಹಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ 2 ಮೊಟ್ಟೆ ಇಡುತ್ತದೆ. ಒಂದೇ ಋತುವಿನಲ್ಲಿ ಹಲವು ಸಲ ಇಡಬಲ್ಲದು. ಮುಂದಿನ ಎರಡು ದಶಕಗಳಲ್ಲಿ ಮನೆಯಲ್ಲೇ ಹುಟ್ಟಿದ ಮರಿಗಳು ಮಾರುಕಟ್ಟೆ ತುಂಬಿದವು. 'ಸುಲಭದ ಪ್ರಾಣಿ' ಎಂಬ ಬಿರುದು ಬಂದದ್ದು ಆಗ.

ಮೊಟ್ಟೆಗಳಿಗೆ ಕಾವು ಕೊಡುವಾಗ ಇನ್ನೊಂದು ಅಚ್ಚರಿ ಬಯಲಾಯಿತು. ಮರಿ ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವುದು ಮೊಟ್ಟೆಗೆ ತಾಗುವ ಶಾಖ. ಸರೀಸೃಪಗಳಲ್ಲಿ ಇಂಥದ್ದೊಂದಿದೆ ಎಂದು 1966ರಲ್ಲಿ ಮದ್ಲೆನ್ ಶಾರ್ನಿಯೇ ಎಂಬ ವಿಜ್ಞಾನಿ ಆಫ್ರಿಕಾದ ಡಕಾರ್‌ನಲ್ಲಿ ಓತಿಯೊಂದರ ಮೊಟ್ಟೆಗಳಿಂದ ತೋರಿಸಿದ್ದರು. ಚಿರತೆ ಹಲ್ಲಿಯಲ್ಲಿ 26 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಎಲ್ಲ ಮರಿಗಳೂ ಹೆಣ್ಣು, 32.5 ಡಿಗ್ರಿಯಲ್ಲಿ ಬಹುಪಾಲು ಗಂಡು. 34 ಡಿಗ್ರಿ ದಾಟಿದರೆ ಮತ್ತೆ ಬಹುಪಾಲು ಹೆಣ್ಣು. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಕ್ರೂಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ನಡೆಸಿದ ಅಧ್ಯಯನಗಳು, ಮೊಟ್ಟೆಯೊಳಗಿನ ಶಾಖ ಹಲ್ಲಿಯ ಮುಂದಿನ ನಡವಳಿಕೆಯ ಮೇಲೂ ಪರಿಣಾಮ ಬೀರುತ್ತದೆ ಎಂದು ತೋರಿಸಿದವು. ಹುಟ್ಟುವ ಮೊದಲೇ ಶಾಖ ಬರೆದ ಹಣೆಬರಹ ಅದು. ಹುಟ್ಟಿದ ಮೇಲೂ ಶಾಖದ ಲೆಕ್ಕ ತಪ್ಪಬಾರದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮೊದಲ ದಿನಗಳು

ಈ ಇತಿಹಾಸದ ಬೆಳಕಿನಲ್ಲಿ ಹೊಸಬನೊಬ್ಬನ ಮೇಜಿನ ಮೇಲಿನ ಪೆಟ್ಟಿಗೆಯನ್ನು ನೋಡಬಹುದು. ಮರಿಗೆ ಸುಮಾರು 60 ಸೆಂ.ಮೀ. ಉದ್ದದ ಪೆಟ್ಟಿಗೆ ಸಾಕು; ದೊಡ್ಡದಾದ ಮೇಲೆ 90 ಸೆಂ.ಮೀ. ಬೇಕಾಗುತ್ತದೆ. ಒಂದು ತುದಿಯ ನೆಲ 31ರಿಂದ 33 ಡಿಗ್ರಿ ಬೆಚ್ಚಗಿರಬೇಕು, ಇನ್ನೊಂದು ತುದಿ 25 ಡಿಗ್ರಿ ಆಸುಪಾಸಿನಲ್ಲಿ ತಂಪಾಗಿರಬೇಕು. ಹಲ್ಲಿಗೆ ತನ್ನದೇ ಮೈಶಾಖ ಇಲ್ಲ. ಬೆಚ್ಚಗಾಗದಿದ್ದರೆ ತಿಂದದ್ದು ಅರಗುವುದಿಲ್ಲ. ತಂಪಿಗೆ ಸರಿಯಲಾಗದಿದ್ದರೆ ಬೆಂದು ಹೋಗುತ್ತದೆ. ಎರಡು ತುದಿ ಬೇಕಾಗುವುದು ಇದಕ್ಕೆ. 1980 ಮತ್ತು 90ರ ದಶಕಗಳಲ್ಲಿ ಅಂಗಡಿಗಳು ವಿದ್ಯುತ್ತಿನಿಂದ ಕಾಯುವ ಕೃತಕ ಕಲ್ಲುಗಳನ್ನು ಮಾರುತ್ತಿದ್ದವು. ಅವು ಹತೋಟಿ ಮೀರಿ ಕಾದು ಎಷ್ಟೋ ಹಲ್ಲಿಗಳ ಹೊಟ್ಟೆ ಸುಟ್ಟವು. ಶಾಖದ ಉಪಕರಣಕ್ಕೆ ಥರ್ಮೋಸ್ಟಾಟ್ ಇರಲೇಬೇಕು ಎಂಬ ಇಂದಿನ ನಿಯಮ ಆ ಸುಟ್ಟಗಾಯಗಳಿಂದ ಬಂದದ್ದು.

ಬಿಸಿ ತುದಿಯಲ್ಲೊಂದು, ತಂಪು ತುದಿಯಲ್ಲೊಂದು, ನಡುವೆ ತೇವದ್ದೊಂದು - ಹೀಗೆ ಅಡಗಲು ಮೂರು ಗೂಡುಗಳು ಬೇಕು. ತೇವದ ಗೂಡೆಂದರೆ ದೊಡ್ಡ ಸಂಗತಿಯೇನಲ್ಲ. ಬಾಯಿ ಕತ್ತರಿಸಿದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಒದ್ದೆ ಕಾಗದ. ಅದೇ ಆ ಬೆಟ್ಟದ ಬಿಲ. ಬೆಳೆಯುವ ಮರಿ ಮತ್ತೆ ಮತ್ತೆ ಪೊರೆ ಬಿಡುತ್ತದೆ, ಬಿಟ್ಟ ಪೊರೆಯನ್ನು ತಾನೇ ತಿನ್ನುತ್ತದೆ. ತೇವ ಸಾಲದಿದ್ದರೆ ಪೊರೆ ಬೆರಳುಗಳಿಗೆ ದಾರದಂತೆ ಸುತ್ತಿಕೊಂಡು ಬಿಗಿಯುತ್ತದೆ. ರಕ್ತ ಹರಿಯದೆ ಬೆರಳು ಉದುರಿಹೋಗುತ್ತದೆ. ಬೆರಳಿಲ್ಲದ ಹಲ್ಲಿಯನ್ನು ಕಂಡರೆ ಅದರ ಮನೆಯಲ್ಲಿ ತೇವದ ಗೂಡು ಇರಲಿಲ್ಲ ಎಂದೇ ಊಹಿಸಬಹುದು.

ನೆಲಕ್ಕೆ ಮರಳು ಹಾಸುವುದು ಇನ್ನೊಂದು ಹಳೆಯ ತಪ್ಪು. ಮರುಭೂಮಿಯ ಪ್ರಾಣಿ ಎಂದರೆ ಮರಳು ಎಂದು ಹಲವರು ನಂಬಿದ್ದರು. ಈ ಹಲ್ಲಿಯ ನೆಲ ಕಲ್ಲು ಮತ್ತು ಗಟ್ಟಿ ಮಣ್ಣಿನದು. ಮರಿ ಹುಳದ ಜೊತೆ ಮರಳು ನುಂಗಿದರೆ ಕರುಳು ಕಟ್ಟಿಕೊಳ್ಳಬಹುದು. ಮೊದಲ ತಿಂಗಳುಗಳಲ್ಲಿ ಬಿಳಿ ಕಾಗದವೇ ಒಳ್ಳೆಯದು. ಹಿಕ್ಕೆ ಹೇಗಿದೆ ಎಂಬುದೂ ಅದರ ಮೇಲೆ ಚೆನ್ನಾಗಿ ಕಾಣುತ್ತದೆ. ಹಿಕ್ಕೆ ಸದಾ ನೀರಾಗಿದ್ದು ಬಾಲ ಕಡ್ಡಿಯಂತೆ ಸೊರಗುತ್ತ ಬಂದರೆ ಅದು ಕ್ರಿಪ್ಟೊಸ್ಪೊರಿಡಿಯಂ ಎಂಬ ಸೂಕ್ಷ್ಮಜೀವಿಯ ಕೆಲಸವೂ ಆಗಿರಬಹುದು. ಹೊಸ ಮರಿಯನ್ನು ಹಳೆಯ ಹಲ್ಲಿಗಳಿಂದ ದೂರ, ಒಂಟಿಯಾಗಿ ಇಡಬೇಕು ಎನ್ನುವುದು ಇದಕ್ಕಾಗಿ. ಎರಡು ಮರಿಗಳನ್ನು ಒಟ್ಟಿಗೆ ಬಿಟ್ಟರೆ ಬಲವಾದದ್ದು ಇನ್ನೊಂದರ ಊಟ ಮತ್ತು ಬಿಸಿಜಾಗ ಎರಡನ್ನೂ ಕಿತ್ತುಕೊಳ್ಳುತ್ತದೆ.

ಮೊದಲ ಒಂದೆರಡು ವಾರ ಮರಿಯನ್ನು ಕೈಗೆತ್ತಿಕೊಳ್ಳದಿರುವುದೇ ಲೇಸು. ಹೊಸಬರಿಗೆ ಕಷ್ಟವಾಗುವುದು ಇದೊಂದೇ. ಮರಿಯ ಪಾಲಿಗೆ ಮೇಲಿನಿಂದ ಇಳಿದು ಬರುವ ಕೈ ಹದ್ದಿನ ಕಾಲಿದ್ದಂತೆ. ಹಿಡಿದೆಳೆದರೆ ಬಾಲ ಕಳಚುತ್ತದೆ. ಅದು ಶತ್ರುವಿನ ಬಾಯಿಂದ ಪಾರಾಗುವ ಉಪಾಯ. ಮತ್ತೆ ಬೆಳೆಯುವ ಬಾಲ ಗಿಡ್ಡ, ದಪ್ಪ. ಅದರೊಳಗೆ ಬೆನ್ನುಮೂಳೆಯ ಮಣಿಗಳ ಬದಲು ಮೃದು ಎಲುಬಿನ ಒಂದು ನಳಿಕೆ ಮಾತ್ರ. ಬಾಲ ಮರುಹುಟ್ಟುವ ಈ ಬಗೆಯನ್ನು ಇಂದು ವಿಜ್ಞಾನಿಗಳು ಆಸಕ್ತಿಯಿಂದ ಅಭ್ಯಸಿಸುತ್ತಿದ್ದಾರೆ. ಆದರೆ ಬಾಲ ಕಳೆದುಕೊಂಡ ಮರಿಗೆ ಅದು ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟ ಉಳಿತಾಯವೆಲ್ಲ ಒಂದೇ ಕ್ಷಣದಲ್ಲಿ ಹೋದಂತೆ.

ಎಲುಬಿನ ಪಾಠ

ಆಹಾರದ ಪಾಠ ಎಲ್ಲಕ್ಕಿಂತ ದುಬಾರಿಯಾಗಿ ಕಲಿತದ್ದು. ಮರಿಗೆ ದಿನಾ ಜೀವಂತ ಹುಳ ಬೇಕು: ಎಳೆಯ ಜೀರುಂಡೆ, ಹಿಟ್ಟಿನ ಹುಳು. ಹುಳದ ಗಾತ್ರ ಮರಿಯ ಎರಡು ಕಣ್ಣುಗಳ ನಡುವಿನ ಅಂತರ ಮೀರಬಾರದು. ತಿನ್ನದೆ ಉಳಿದ ಜೀರುಂಡೆಯನ್ನು ಹೊರತೆಗೆಯಬೇಕು, ಇಲ್ಲದಿದ್ದರೆ ಮಲಗಿದ ಮರಿಯನ್ನೇ ಅದು ಕಚ್ಚುತ್ತದೆ. ಇಷ್ಟೆಲ್ಲ ಮಾಡಿ ಹೊಟ್ಟೆ ತುಂಬ ತಿನ್ನಿಸಿದರೂ ಮರಿಗಳ ಕಾಲು ಬಾಗುತ್ತಿತ್ತು, ದವಡೆ ಮೆತ್ತಗಾಗುತ್ತಿತ್ತು.

ಕಾರಣ ಹುಳದೊಳಗೇ ಇತ್ತು. ಜೀರುಂಡೆಯಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹಲವು ಪಟ್ಟು ಹೆಚ್ಚು. ಮರಿಗೆ ಬೇಕಾದದ್ದು ಅದಕ್ಕೆ ವಿರುದ್ಧ. ರಕ್ತಕ್ಕೆ ಕ್ಯಾಲ್ಸಿಯಂ ಸಾಲದಾದಾಗ ದೇಹ ಅದನ್ನು ಎಲುಬಿನಿಂದಲೇ ಕದಿಯುತ್ತದೆ. ಒಂದು ವರ್ಷದಲ್ಲಿ ಹತ್ತು ಪಟ್ಟಿಗೂ ಹೆಚ್ಚು ತೂಕ ಏರುವ ಮರಿಗೆ ಈ ಕಳವು ಬಹುಬೇಗ ತಟ್ಟುತ್ತದೆ. ಇದು ಮನುಷ್ಯರ ಮಕ್ಕಳನ್ನು ಕಾಡಿದ ರಿಕೆಟ್ಸ್ ರೋಗದ ಹತ್ತಿರದ ನೆಂಟ. ಇಂಗ್ಲೆಂಡಿನ ಎಡ್ವರ್ಡ್ ಮೆಲನ್‌ಬಿ 1919ರಲ್ಲಿ ನಾಯಿಮರಿಗಳ ಮೇಲೆ ನಡೆಸಿದ ಪ್ರಯೋಗ, 1922ರಲ್ಲಿ ಅಮೆರಿಕದ ಮೆಕಾಲಂ ಗುರುತಿಸಿದ 'ಡಿ' ಜೀವಸತ್ವ - ಇವೆರಡೂ ಸೇರಿ ಎಲುಬಿನ ಗುಟ್ಟನ್ನು ಬಿಡಿಸಿದ್ದವು. ಕ್ಯಾಲ್ಸಿಯಂ ಇದ್ದರಷ್ಟೇ ಸಾಲದು, ಅದನ್ನು ದೇಹ ಹೀರಿಕೊಳ್ಳಲು 'ಡಿ' ಜೀವಸತ್ವ ಬೇಕು. ಹುಳಕ್ಕೆ ಕ್ಯಾಲ್ಸಿಯಂ ಮತ್ತು ಡಿ-3 ಪುಡಿ ಹೊರಳಿಸಿ ಕೊಡುವ ಕ್ರಮ ಹೀಗೆ ಬಂತು. ಡಿ-3 ಅತಿಯಾದರೂ ವಿಷವೇ. ಡಬ್ಬದ ಮೇಲಿನ ಪ್ರಮಾಣ ಮೀರಬಾರದು.

ರಾತ್ರಿಯ ಪ್ರಾಣಿಗೆ ಬಿಸಿಲೇಕೆ ಎಂದು ಬಹುಕಾಲ ಕೈಪಿಡಿಗಳು ಅತಿನೇರಳೆ ದೀಪವನ್ನು ಕೈಬಿಟ್ಟಿದ್ದವು. 2018 ಮತ್ತು 2020ರಲ್ಲಿ ಪ್ರಕಟವಾದ ಅಧ್ಯಯನಗಳು, ಸೌಮ್ಯವಾದ ಅತಿನೇರಳೆ ಬೆಳಕಿನಿಂದ ಚಿರತೆ ಹಲ್ಲಿಯೂ ತನ್ನ ಚರ್ಮದಲ್ಲಿ 'ಡಿ' ಜೀವಸತ್ವ ತಯಾರಿಸಬಲ್ಲದು ಎಂದು ತೋರಿಸಿದವು. 1927ರಲ್ಲಿ ಪ್ರಾಕ್ಟರ್ ಹಾಕಿಸಿದ ಗಾಜಿನ ಬೆಲೆ ಹೊಸಬರ ಪೆಟ್ಟಿಗೆಗೆ ಅರಿವಾಗಲು ಸುಮಾರು ಒಂದು ಶತಮಾನ ಹಿಡಿಯಿತು.

ಬಣ್ಣದ ಬೆಲೆ

ಕಾಡಿನ ಹಲ್ಲಿಯ ಜಾಗದಲ್ಲಿ ಸಾಕಿದ ಹಲ್ಲಿ ಬಂದದ್ದರಿಂದ ಕಾಡಿನ ಮೇಲಿನ ಒತ್ತಡ ತಗ್ಗಿತು. ಆದರೆ ಹೊಸ ಸಮಸ್ಯೆಯೊಂದು ಹುಟ್ಟಿಕೊಂಡಿತು. ಬಿಳಿ, ಕಿತ್ತಳೆ, ಚುಕ್ಕೆಯಿಲ್ಲದ್ದು, ಕೆಂಗಣ್ಣಿನದ್ದು ಎಂದು ಬಗೆಬಗೆಯ ಬಣ್ಣಗಳಿಗಾಗಿ ಹಲ್ಲಿಗಳನ್ನು ಆರಿಸಿ ಕೂಡಿಸತೊಡಗಿದರು. ಅಪರೂಪದ ಬಣ್ಣಕ್ಕೆ ಅಪರೂಪದ ಬೆಲೆ. 'ಎನಿಗ್ಮಾ' ಎಂಬ ತಳಿಯ ಹಲವು ಹಲ್ಲಿಗಳು ತಲೆ ಓರೆಮಾಡಿ ಸುತ್ತಿದಲ್ಲೇ ಸುತ್ತುತ್ತವೆ, ಎದುರಿಗಿರುವ ಹುಳವನ್ನೂ ಹಿಡಿಯಲಾರದೆ ತಡವರಿಸುತ್ತವೆ. 'ಲೆಮನ್ ಫ್ರಾಸ್ಟ್' ಎಂಬ ನಿಂಬೆ ಬಣ್ಣದ ತಳಿಯ ಕಥೆ ಇನ್ನೂ ದಾರುಣ. ಅವುಗಳಲ್ಲಿ ಶೇಕಡ 80ಕ್ಕೂ ಹೆಚ್ಚಿನವಕ್ಕೆ ಬಣ್ಣದ ಜೀವಕೋಶಗಳದ್ದೇ ಗಡ್ಡೆಗಳು ಹುಟ್ಟುತ್ತವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ವಿಭಾಗದ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಸಂಶೋಧನೆ, ಆ ಬಣ್ಣ ಮತ್ತು ಆ ಗಡ್ಡೆ ಎರಡರ ಬೇರೂ ಒಂದೇ ಜೀನಿನ ಸುತ್ತ ಇದೆ ಎಂದು ಸೂಚಿಸಿತು. ಅಂದರೆ ಬಣ್ಣವನ್ನು ಕೊಂಡವರು ರೋಗವನ್ನೂ ಕೊಂಡಂತೆ. ಹೊಸಬರು ಮರಿ ಆರಿಸುವಾಗ ಬಣ್ಣಕ್ಕಿಂತ ಮೊದಲು ನಡಿಗೆ, ಬಾಲದ ದಪ್ಪ, ಕಣ್ಣಿನ ಹೊಳಪು ನೋಡಬೇಕು ಎನ್ನುವುದು ಇದಕ್ಕೇ.

ಈ ಕುಲದ ಹಲ್ಲಿಗಳು ನಮ್ಮ ದೇಶದಲ್ಲೂ ಇವೆ. ಪಶ್ಚಿಮ ಭಾರತದ ಹಲ್ಲಿಯೊಂದನ್ನು 1981ರಲ್ಲಿ ಬೇರೆಯಾಗಿ ಗುರುತಿಸಲಾಯಿತು; ಸಾತ್ಪುರ ಬೆಟ್ಟಗಳ ಮತ್ತೊಂದಕ್ಕೆ 2014ರಲ್ಲಿ ಹೆಸರು ಸಿಕ್ಕಿತು. ಹಳ್ಳಿಗಳಲ್ಲಿ ಇವು ಭಾರಿ ವಿಷಜಂತುಗಳೆಂಬ ನಂಬಿಕೆಯಿದ್ದು, ಕಂಡಲ್ಲಿ ಹೊಡೆದು ಕೊಲ್ಲುವವರಿದ್ದಾರೆ. ಇವುಗಳಲ್ಲಿ ವಿಷ ಎಳ್ಳಷ್ಟೂ ಇಲ್ಲ. ಹಾಗೆಂದು ಬಂಡೆಯ ಸಂದಿನಿಂದ ಹಿಡಿದು ತಂದು ಸಾಕುವುದೂ ಸಲ್ಲದು. ಹೊರದೇಶದಲ್ಲಿ ಸಾಕಿ ಬೆಳೆಸಿದ ಮರಿಯ ಮಾತು ಬೇರೆ, ಕಾಡಿನದು ಬೇರೆ. ನಮ್ಮ ವನ್ಯಜೀವಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಮರಿ ಎಲ್ಲಿಂದ ಬಂತು, ಅದಕ್ಕೆ ದಾಖಲೆ ಏನು ಎಂದು ಕೇಳದೆ, ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ ಕೊಳ್ಳುವುದು ಆರೈಕೆಯ ಮೊದಲ ಹೆಜ್ಜೆಯನ್ನೇ ತಪ್ಪಿದಂತೆ.

ಚೆನ್ನಾಗಿ ನೋಡಿಕೊಂಡರೆ ಚಿರತೆ ಹಲ್ಲಿ 15ರಿಂದ 20 ವರ್ಷ ಬದುಕುತ್ತದೆ. ನಾಲ್ಕನೆಯ ತರಗತಿಯ ಹುಡುಗನ ಹಟಕ್ಕೆ ಮಣಿದು ತಂದ ಮರಿ ಅವನು ಕಾಲೇಜು ಮುಗಿಸಿ ಕೆಲಸಕ್ಕೆ ಸೇರುವ ಹೊತ್ತಿಗೂ ಮನೆಯಲ್ಲೇ ಇರುತ್ತದೆ. ಅಷ್ಟು ವರ್ಷ ಅದಕ್ಕೆ ದಿನದಿನವೂ ಬೇಕಾಗುವುದು ಬೆಚ್ಚನೆಯ ನೆಲ, ತೇವದ ಗೂಡು, ಪುಡಿ ಹಚ್ಚಿದ ಹುಳ, ಶುದ್ಧ ನೀರು ಮತ್ತು ಕೈ ಹಾಕದೆ ಕಾಯುವ ತಾಳ್ಮೆ. ಮುಸ್ಸಂಜೆ ದೀಪ ಆರಿದ ಮೇಲೆ, ಯಾರೂ ಇಣುಕುತ್ತಿಲ್ಲ ಎಂದು ಖಚಿತವಾದಾಗ, ಆ 3 ಗ್ರಾಂ ಜೀವ ಗೂಡಿನಿಂದ ಮೆಲ್ಲಗೆ ತಲೆ ಹೊರಹಾಕುತ್ತದೆ. ಗಾಜಿನ ಗೋಡೆಯ ಆಚೆ ಯಾವ ಊರಿದೆಯೆಂದು ಅದಕ್ಕೆ ತಿಳಿಯದು. ಅದರ ಮೈಗೆ ಗೊತ್ತಿರುವುದು ಉಪ್ಪಿನ ಬೆಟ್ಟದ ಸಂಜೆ ಮಾತ್ರ.